ಕಿಟೆಲ್ ಪಾದ್ರಿ

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಯ ಕಡೆಯ ಒಂದು ಹಳ್ಳಿಯಲ್ಲಿ. ತಂದೆಯೂ ಪಾದ್ರಿ. ಪರದೇಶಕ್ಕೆ ಹೋಗಿ ಕ್ರಿಸ್ತನ ಸಂದೇಶ ಸಾರಬೇಕೆಂಬ ಕರೆಗೆ ಓಗೊಟ್ಟು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದರು. 1853ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ 21 ವರ್ಷ. ನಮಗಿಂತ ನಾಲ್ಕು ವರ್ಷ ದೊಡ್ಡವರು, ಅಷ್ಟೇ.

ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದರು. ಬೋಧನೆ ಮಾಡುವಷ್ಟು ಕನ್ನಡ ಕಲಿತರೆ ಸಾಕಿತ್ತು. ಅವರಿಗೆ ಸಾಕಾಗಲಿಲ್ಲ. ಪಂಡಿತರ ಜೊತೆ ಕೂತು ನಮಗೇ ಕಷ್ಟವಾಗುವ ಹಳಗನ್ನಡ ಓದಿದರು. 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದಲ್ಲಿ ಬರೆದರು. 1864ರಲ್ಲಿ ಹೆಂಡತಿ ಪೌಲೀನ್ ತೀರಿಕೊಂಡರು. 1872ರಲ್ಲಿ ಕೇಶಿರಾಜನ ವ್ಯಾಕರಣವನ್ನು ಅಚ್ಚು ಹಾಕಿಸಿದರು. 1877ರಲ್ಲಿ ಊರಿಗೆ ಮರಳಿದವರು 1883ರಲ್ಲಿ ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. ಆಗ ವಯಸ್ಸು 51.

ಕಿಟೆಲ್ ಧರ್ಮ ಬಿಟ್ಟು ಭಾಷೆ ಹಿಡಿದರು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರು ಕೊನೆಯವರೆಗೂ ಪಾದ್ರಿಯೇ. ನಮ್ಮ ದೀನಿನಲ್ಲೂ ದಾವತ್‌ಗೆ ಹೋಗುವವರಿದ್ದಾರೆ. ಹೋದ ಊರಿನ ಮಾತನ್ನು ಇಷ್ಟು ಗೌರವದಿಂದ ಕಲಿಯುವವರು ಯಾವ ಧರ್ಮದಲ್ಲೂ ಕಡಿಮೆ.

ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳು. ಗಾದೆಗಳೂ ಇವೆ. ಅಷ್ಟರಲ್ಲಿ ಅವರು ಜರ್ಮನಿಗೆ ಹಿಂತಿರುಗಿದ್ದರು. 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.

ಶುದ್ಧ ಕನ್ನಡವಲ್ಲವೆಂದು ಅವರು ಪದಗಳನ್ನು ಹೊರಗಿಡಲಿಲ್ಲ. ಹಿಂದೂಸ್ತಾನಿಯಿಂದ ಬಂದವನ್ನು ಹಾಗೆಂದು ಗುರುತು ಹಾಕಿ ಸೇರಿಸಿದರು. ನಮ್ಮ ಅಕೌಂಟೆನ್ಸಿಯ ಜಮಾ, ಖರ್ಚು, ಬಾಕಿ ಅಂಥವೇ. ನಮ್ಮ ಮನೆಯಲ್ಲಿ ಅಮ್ಮಿ ತಿಂಗಳ ಕೊನೆಗೆ ಹೇಳುವುದೂ ಇವೇ ಮೂರು.