ಪುತ್ತೂರಿನ ವಕೀಲರು ಮೊಳಹಳ್ಳಿ ಶಿವರಾಯರು



ಸಂಘಕ್ಕೆ 25 ವರ್ಷ ತುಂಬಿದ ನೆನಪಿಗೆ ಸಂಚಿಕೆ ತರಬೇಕೆಂದು ಆಡಳಿತ ಮಂಡಳಿಯಲ್ಲಿ ಠರಾವು ಆದಾಗ, ಒಬ್ಬ ಸಹಕಾರಿ ಧುರೀಣರ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಎಸ್.ಎಸ್.ಎಲ್.ಸಿ. ಓದಿ ಒಕ್ಕಲುತನ ಮಾಡುವವ. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರು ನಮಗೆಲ್ಲ ಗೊತ್ತಿದ್ದವರೇ. ಅವರ ಬಗ್ಗೆ ಪ್ರತಿ ಸಹಕಾರ ಸಪ್ತಾಹದಲ್ಲೂ ಭಾಷಣ ಆಗ್ತಾವ. ಹಂಗಾಗಿ ನಾನು ಬೇರೊಬ್ಬರನ್ನು ಆರಿಸಿಕೊಂಡೆ. ನಿರ್ದೇಶಕರ ತರಬೇತಿಗೆ ಹೋದಾಗ ಮೊದಲ ಸಲ ಅವರ ಹೆಸರು ಕೇಳಿದ್ದು. ಕರಾವಳಿ ಕಡೆ ಅವರ ಹೆಸರು ಮನೆಮಾತು. ನಮ್ಮ ದೇವದುರ್ಗ, ಮಾನ್ವಿ ಕಡೆ ಬಹಳ ಮಂದಿಗೆ ಗೊತ್ತಿಲ್ಲ. ಅವರು ದಕ್ಷಿಣ ಕನ್ನಡದ ಪುತ್ತೂರಿನ ವಕೀಲರು, ಮೊಳಹಳ್ಳಿ ಶಿವರಾಯರು.

ವಕೀಲರು ಅಂದಕೂಡಲೇ ನಮ್ಮೂರಿನವರಿಗೆ ನೆನಪಾಗೋದು ಏನು? ಬುತ್ತಿ ಕಟ್ಟಿಕೊಂಡು ರಾಯಚೂರು ಕೋರ್ಟಿಗೆ ಹೋಗೋದು, ಬೇವಿನ ಗಿಡದ ಕೆಳಗ ಕುಂತು ತಾರೀಖು ಕೇಳೋದು, ಸಂಜಿಗೆ ಖಾಲಿ ಕೈಯಲ್ಲಿ ಬಸ್ಸು ಹತ್ತೋದು. ಬದುವಿನ ಜಗಳ, ಪಾಲಿನ ಜಗಳ, ಸಾಲದ ಜಗಳ. ನಾವು ಜಗಳ ಆಡಿದಷ್ಟೂ ಅವರಿಗೆ ಕೆಲಸ ಅಂತ ನಮ್ಮ ಮಂದಿ ಚಾಷ್ಟಿ ಮಾಡ್ತಾರ. ಅಂಥ ಉದ್ಯೋಗದಲ್ಲಿದ್ದ ಒಬ್ಬರು, ರೈತ ಸಾಲಕ್ಕಾಗಿ ಕೋರ್ಟು ಹತ್ತದಂಗ ಆಗುವ ವ್ಯವಸ್ಥೆಗೆ ತಮ್ಮ ಆಯುಷ್ಯವನ್ನೇ ಕೊಟ್ಟರು. ಅದಕ್ಕೇ ನನಗೆ ಅವರು ದೊಡ್ಡವರಾಗಿ ಕಂಡದ್ದು.

ಶಿವರಾಯರು ಹುಟ್ಟಿದ್ದು 1880ರ ಆಗಸ್ಟ್ 4ರಂದು. ಆಗ ಆ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು. ನಮ್ಮ ರಾಯಚೂರು ನಿಜಾಮರ ಕೆಳಗೆ. ಇಲ್ಲಿ ಕೋರ್ಟು ಕಚೇರಿ ಎಲ್ಲಾ ಉರ್ದುವಿನಲ್ಲಿ, ಅಲ್ಲಿ ಇಂಗ್ಲಿಷಿನಲ್ಲಿ. ರೈತನಿಗೆ ಎರಡೂ ತಿಳೀತಿದ್ದಿಲ್ಲ, ಆ ಮಾತು ಬೇರೆ. ಶಿವರಾಯರು ವಕೀಲಿ ಪರೀಕ್ಷೆ ಪಾಸು ಮಾಡಿ ಪುತ್ತೂರಿನಲ್ಲೇ ವಕೀಲಿ ಹಿಡಿದರು. ಪುತ್ತೂರು ಅಂದರೆ ಆಗ ಮಂಗಳೂರಿನಿಂದ ಸುಮಾರು 50 ಕಿಲೋಮೀಟರು ಒಳಗೆ, ಗುಡ್ಡ, ಅಡಿಕೆ ತೋಟ, ಗದ್ದೆಗಳ ನಡುವಿನ ಸಣ್ಣ ಊರು.

ಅಡಿಕೆ ಬೆಳೆಗಾರನ ಕಷ್ಟ ನಮ್ಮ ಹತ್ತಿ ಬೆಳೆಗಾರನ ಕಷ್ಟದಂಥಾದ್ದೇ. ರೊಕ್ಕ ಬೇಕಾಗೋದು ಈಗ, ಬೆಳೆ ಬರೋದು ಮುಂದ. ನಡುವೆ ಸಾಹುಕಾರ ಕೊಡ್ತಾನ, ಬಡ್ಡಿ ಹಾಕ್ತಾನ, ಕಡೆಗೆ ಬೆಳೆ ಅವನ ಅಂಗಡಿಗೇ ಹೋಗ್ತದ. ಕೊಡದಿದ್ದರೆ ದಾವೆ. ತಾಲೂಕಿನ ವಕೀಲನ ಮುಂದೆ ದಿನಾ ಬರುವ ಕಾಗದ ಇಂಥಾವೇ.

1904ರಲ್ಲಿ ಸರಕಾರ ಸಹಕಾರಿ ಸಾಲ ಸಂಘಗಳ ಕಾಯ್ದೆ ಮಾಡಿತ್ತು. ಹತ್ತು ಮಂದಿ ಕೂಡಿದರೆ ಸಂಘ ಮಾಡಬಹುದು. ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರಿ ಸಂಘ ಆರಂಭ ಮಾಡಿದರು. ಆಗ ಅವರಿಗೆ ಇನ್ನೂ 30 ಆಗಿದ್ದಿಲ್ಲ. ಅದಕ್ಕೂ ಮೂರು ವರ್ಷ ಮೊದಲು, 1906ರಲ್ಲಿ, ಮಂಗಳೂರಿನ ಇನ್ನೊಬ್ಬ ವಕೀಲರು ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕು ಕಟ್ಟಿದ್ದರು. ಆ ಜಿಲ್ಲೆಯ ವಕೀಲರಿಗೆ ಬ್ಯಾಂಕು ಕಟ್ಟುವ ಹುಚ್ಚು ಇತ್ತೇನೋ!

ಈಗಿನ ಹುಡುಗರಿಗೆ ಒಂದು ಮಾತು ತಿಳಿಯಲಿ. ಆಗಿನ ಹಳ್ಳಿ ಸಂಘದಲ್ಲಿ ಹೊಣೆಗೆ ಮಿತಿ ಇದ್ದಿಲ್ಲ. ಸಂಘ ಮುಳುಗಿದರೆ ಷೇರಿನ ರೊಕ್ಕ ಅಷ್ಟೇ ಅಲ್ಲ, ಸದಸ್ಯರ ಹೊಲ ಮನೆಗೂ ಕುತ್ತು. ಒಬ್ಬ ಕಟ್ಟದಿದ್ದರೆ ಉಳಿದವರು ತುಂಬಬೇಕು. ಅಂಥಾ ಸಂಘಕ್ಕೆ ಸೇರಿರಿ ಅಂತ ಒಬ್ಬ ವಕೀಲ ಬಂದು ಹೇಳಿದರೆ ಯಾರು ನಂಬ್ತಾರ? ವಕೀಲರು ಸಹಿ ಮಾಡ್ರಿ ಅಂದರೆ ನಾವಂತೂ ಎರಡು ಸಲ ಹಿಂದ ಮುಂದ ನೋಡ್ತೀವಿ. ಆದರೂ ಮಂದಿ ಸೇರಿದರು. ಹೇಳಿದ ಮನುಷ್ಯನ ಮೇಲೆ ಭರವಸೆ ಇಲ್ಲದೆ ಇದು ಆಗುವ ಕೆಲಸವಲ್ಲ.

ಹಳ್ಳಿ ಸಂಘ ಒಂದೇ ಇದ್ದರೆ ನಡೆಯೋದು ಕಷ್ಟ. ಬಿತ್ತಿಗೆ ಟೈಮಿಗೆ ಎಲ್ಲರಿಗೂ ಒಮ್ಮೆಲೇ ಸಾಲ ಬೇಕು, ಠೇವಣಿ ಇಡುವವರು ಯಾರೂ ಇಲ್ಲ. ಪಟ್ಟಣದಲ್ಲಿರುವ ರೊಕ್ಕ ಹಳ್ಳಿಗೆ ಬರಬೇಕಾದರೆ ನಡುವೆ ಒಂದು ದೊಡ್ಡ ಬ್ಯಾಂಕು ಬೇಕು. 1912ರ ಹೊಸ ಕಾಯ್ದೆ ಅದಕ್ಕೆ ದಾರಿ ಮಾಡಿತು. ಎರಡೇ ವರ್ಷದಲ್ಲಿ, 1914ರಲ್ಲಿ, ಶಿವರಾಯರು ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಸ್ಥಾಪನೆ ಮಾಡಿದರು. ಜಿಲ್ಲೆಯ ಬ್ಯಾಂಕು ಶುರುವಾದದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಪುತ್ತೂರಿನಲ್ಲಿ. ಆಮೇಲೆ ಅದು ಮಂಗಳೂರಿಗೆ ಹೋಯಿತು. 2014ಕ್ಕೆ ಅದಕ್ಕೆ 100 ವರ್ಷ ತುಂಬಿತು. ಕೃಷಿ ಸಾಲದ ವಸೂಲಿಯಲ್ಲಿ ಆ ಬ್ಯಾಂಕಿಗೆ ರಾಜ್ಯದಾಗ ದೊಡ್ಡ ಹೆಸರದ.

ವಸೂಲಿ ಮಾತು ಬಂದಿದ್ದಕ್ಕೆ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ಸಾಲ ಮನ್ನಾ ಆಗ್ತದ ಅಂತ ಸುದ್ದಿ ಇತ್ತು. ಹತ್ತಿ ಮಾರಿದ ರೊಕ್ಕ ಕೈಯಾಗಿತ್ತು, ಆದರೂ ಕಂತು ಕಟ್ಟಲಿಲ್ಲ. ಕಟ್ಟಿದವನೇ ಹುಚ್ಚ ಅಂತ ಗೆಳೆಯರ ಮುಂದೆ ಹೇಳಿಯೂ ಹೇಳಿದೆ. ನನ್ನಂತೆ ಇನ್ನೂ ಬಹಳ ಮಂದಿ ತಡೆದರು. ಆ ಮುಂಗಾರಿಗೆ ಸಂಘದಿಂದ ಹೊಸ ಸಾಲ ಹುಟ್ಟಲಿಲ್ಲ, ಗೊಬ್ಬರ ಬರಲಿಲ್ಲ. ಎರಡು ಎಕರೆಯವರು ಅಡತಿ ಅಂಗಡಿಗೆ ಹೋಗಿ ಬಡ್ಡಿಗೆ ತಂದರು. ನಾನು ಹೆಂಗೋ ದಾಟಿದೆ, ಅವರು ದಾಟಲಿಲ್ಲ. ತರಬೇತಿಯಲ್ಲಿ ಶಿವರಾಯರ ಕಥೆ ಕೇಳುವಾಗ ನನಗೆ ಅದೇ ನೆನಪಾಗಿ ತಲೆ ಕೆಳಗೆ ಹಾಕಿಕೊಂಡು ಕುಂತಿದ್ದೆ.

ಶಿವರಾಯರು ಸಾಲ ಕೊಡಿಸಿ ಸುಮ್ಮನೆ ಕೂಡಲಿಲ್ಲ. ಪುತ್ತೂರಿನ ಮಕ್ಕಳಿಗೆ ಹೈಸ್ಕೂಲು ಇರಲಿಲ್ಲ. 1916ರಲ್ಲಿ ಅಲ್ಲಿ ಬೋರ್ಡ್ ಹೈಸ್ಕೂಲು ಶುರುವಾದದ್ದು ಅವರ ಪ್ರಯತ್ನದಿಂದ. ಮುಂದೆ ಶಿವರಾಮ ಕಾರಂತರು ಪುತ್ತೂರಿಗೆ ಬಂದು ನೆಲೆಸಿ ದಸರಾ ನಾಡಹಬ್ಬ ನಡೆಸುವಾಗ ಶಿವರಾಯರು ಅವರ ಬೆನ್ನಿಗೆ ನಿಂತರು. ಕಾರಂತರು ಮಹಾ ನಿಷ್ಠುರದ ಮನುಷ್ಯರು ಅಂತ ಕೇಳಿದ್ದೇವೆ. ಅವರ ಜತೆ ಕೂಡಿ ಕೆಲಸ ಮಾಡಬೇಕಾದರೆ ತಾಳ್ಮೆ ಬೇಕೇ ಬೇಕು.

1956ರ ನವೆಂಬರ್ 1ರಂದು ಮದ್ರಾಸಿನ ಪುತ್ತೂರು, ಹೈದರಾಬಾದಿನ ರಾಯಚೂರು ಎರಡೂ ಒಂದೇ ರಾಜ್ಯಕ್ಕೆ ಬಂದವು. ಆಗ ಶಿವರಾಯರಿಗೆ 76 ವರ್ಷ. ಮುಂದೆ 1959ರ ಕಾಯ್ದೆ ಬಂದು, ಅವರು ಕಟ್ಟಿದ ಸಂಘಗಳೂ ನಮ್ಮ ಕಡೆಯ ಸಂಘಗಳೂ ಒಂದೇ ಕಾನೂನಿಗೆ ಒಳಪಟ್ಟವು. ನಮ್ಮ ಸಂಘದ ಬೈಲಾ ಕೂಡ ಆ ಕಾಯ್ದೆಯ ಕೆಳಗೇ ಆದದ್ದು.

ಶಿವರಾಯರು 1967ರ ಜುಲೈ 4ರಂದು ತೀರಿಕೊಂಡರು. ಸರಕಾರ ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದ್ದು ಅದಾಗಿ ಎರಡು ವರ್ಷಕ್ಕೆ, 1969ರಲ್ಲಿ. ಆ ಬ್ಯಾಂಕುಗಳು ಹಳ್ಳಿಯ ದಾರಿ ಹಿಡಿಯುವ ಹೊತ್ತಿಗೆ, ಪುತ್ತೂರಿನ ಸಂಘ ಸಾಲ ಕೊಡಲು ಹಿಡಿದು 60 ವರ್ಷ ಆಗಿತ್ತು.