ಗಾಳಿಯ ಘರ್ಷಣೆಯನ್ನು ಅಳೆದ ಸತೀಶ ಧವನರು

ವಿದ್ಯಾರ್ಥಿಗಳೇ, ಗನ್ನವರಂ ವಿಮಾನ ನಿಲ್ದಾಣದಲ್ಲಿ ವಿಮಾನವು ಇಳಿಯುವುದನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಗಾಳಿಯು ಅದರ ಮೈಮೇಲೆ ನುಣ್ಣಗೆ ಜಾರಿಹೋಗುವುದೆಂದು ನಾವು ಭಾವಿಸುತ್ತೇವೆ. ಆದರೆ ನಿಜಸ್ಥಿತಿ ಬೇರೆ. ಲೋಹಕ್ಕೆ ತಾಗಿದ ಗಾಳಿಯು ಜಾರದೆ, ಅದಕ್ಕೇ ಅಂಟಿಕೊಂಡು ವಿಮಾನದೊಡನೆಯೇ ಸಾಗುತ್ತದೆ. ಅದರಾಚೆಯ ತೆಳುವಾದ ಪದರಗಳು ಒಂದನ್ನೊಂದು ಉಜ್ಜುತ್ತ ವಿಮಾನವನ್ನು ಹಿಂದಕ್ಕೆಳೆಯುತ್ತವೆ. ಈ ಎಳೆತಕ್ಕೆ ಮೇಲ್ಮೈ ಘರ್ಷಣೆ ಎಂದು ಹೆಸರು. ಇದನ್ನು ನೇರವಾಗಿ ಅಳೆದು ಕೀರ್ತಿ ಪಡೆದವರಲ್ಲಿ ಪ್ರೊಫೆಸರ್ ಸತೀಶ ಧವನರು ಒಬ್ಬರು.

ಧವನರು 1920ನೆಯ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದರು. ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರಗಳನ್ನಲ್ಲದೆ ಇಂಗ್ಲಿಷ್ ಸಾಹಿತ್ಯವನ್ನೂ ಯಂತ್ರಶಾಸ್ತ್ರವನ್ನೂ ವ್ಯಾಸಂಗ ಮಾಡಿದರು. ಬಳಿಕ ಅಮೆರಿಕಕ್ಕೆ ತೆರಳಿ, ಕ್ಯಾಲಿಫೋರ್ನಿಯಾದಲ್ಲಿ ಲೀಪ್‌ಮನ್ ಎಂಬ ಗುರುವಿನ ಬಳಿ ಸಂಶೋಧನೆ ಕೈಗೊಂಡರು. ಹಲಗೆಯೊಂದರ ಚಿಕ್ಕ ಭಾಗವನ್ನು ಬಿಡಿಸಿ, ಅದು ತುಸುವೇ ಅಲುಗುವಂತೆ ಅಳವಡಿಸಿ, ಮೇಲೆ ಗಾಳಿಯನ್ನು ಹಾಯಿಸಿದರು. ಗಾಳಿಯ ಎಳೆತಕ್ಕೆ ಆ ತುಂಡು ಎಷ್ಟು ಸರಿಯಿತೆಂಬುದರಿಂದ ಘರ್ಷಣೆಯನ್ನು ಕಂಡುಹಿಡಿದರು. ಶಬ್ದಕ್ಕಿಂತ ವೇಗವಾದ ಗಾಳಿಯಲ್ಲಿಯೂ ಈ ಉಪಾಯವು ಫಲಿಸಿತು.

1951ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿ ಗಾಳಿಯ ಸುರಂಗಗಳನ್ನು ಕಟ್ಟಿಸಿ ಶಿಷ್ಯರನ್ನು ತಯಾರು ಮಾಡಿದರು. ಮುಂದೆ ಆ ಸಂಸ್ಥೆಯ ನಿರ್ದೇಶಕರಾಗಿ 1981ರವರೆಗೆ ದುಡಿದರು. 1972ರಲ್ಲಿ ಇಸ್ರೋದ ಅಧ್ಯಕ್ಷತೆಯೂ ಅವರ ಪಾಲಿಗೆ ಬಂದಿತು. ರಾಕೆಟ್ಟಿನ ದಾರಿ ಇನ್ನೂ ಕಠಿನವಾದುದು. ಬಹಳ ಎತ್ತರದಲ್ಲಿ ಗಾಳಿಯ ಕಣಗಳು ವಿರಳವಾಗುವುದರಿಂದ, ಅಲ್ಲಿ ಗಾಳಿಯು ಮೈಗೆ ಪೂರ್ತಿ ಅಂಟದೆ ಕೊಂಚ ಜಾರುತ್ತದೆ. ಎಳೆತದ ಲೆಕ್ಕವೇ ಬದಲಾಗುತ್ತದೆ. ಅಂಟುವ ಗಾಳಿ, ಜಾರುವ ಗಾಳಿ ಎರಡನ್ನೂ ರಾಕೆಟ್ಟು ದಾಟಬೇಕು.

1979ನೆಯ ಆಗಸ್ಟ್ 10ರಂದು ನಮ್ಮ ಆಂಧ್ರದ ಶ್ರೀಹರಿಕೋಟೆಯಿಂದ ಹಾರಿದ ಎಸ್.ಎಲ್.ವಿ.-3 ರಾಕೆಟ್ಟು, ಎರಡನೆಯ ಹಂತದ ಕವಾಟವೊಂದು ಕೆಟ್ಟು ಸಮುದ್ರಕ್ಕೆ ಬಿದ್ದಿತು. ಗಾಳಿಯಲ್ಲಿ ತಪ್ಪಿರಲಿಲ್ಲ; ಒಂದು ಸಣ್ಣ ಕವಾಟವು ವರ್ಷಗಳ ಶ್ರಮವನ್ನು ಮುಳುಗಿಸಿತು. ಪತ್ರಕರ್ತರ ಮುಂದೆ ಧವನರು ಸೋಲಿನ ಹೊಣೆಯನ್ನು ತಾವೇ ಹೊತ್ತರು. 1980ನೆಯ ಜುಲೈ 18ರಂದು ಅದೇ ಬಗೆಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗಲಾದರೋ, ಪತ್ರಕರ್ತರೊಡನೆ ಮಾತನಾಡಲು ಕಿರಿಯರಾದ ಅಬ್ದುಲ್ ಕಲಾಮರನ್ನು ಮುಂದೆ ಕಳುಹಿಸಿದರು.

2002ನೆಯ ಜನವರಿ 3ರಂದು ಧವನರು ಬೆಂಗಳೂರಿನಲ್ಲಿ ಕೀರ್ತಿಶೇಷರಾದರು. ಅದೇ ವರ್ಷ ಶ್ರೀಹರಿಕೋಟೆಯ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ಕಣ್ಣಿಗೆ ಕಾಣದ ತೆಳುವಾದ ಪದರವನ್ನು ಅಲಕ್ಷಿಸದವರು ಅವರು. ತಮ್ಮ ಕೈಕೆಳಗಿನ ಕಿರಿಯರನ್ನೂ ಅಲಕ್ಷಿಸಲಿಲ್ಲ. ಅವರ ಹಿರಿಮೆಗೆ ಇವೆರಡೂ ಸಾಕ್ಷಿ.