ಶಾಲೆಗೆ ಬಂದ್ರೆ ದಿನಕ್ಕೆ ಎರಡು ಪೈಸೆ!

ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನ ಹತ್ತಿರದ ನಮ್ಮ ಟೌನ್‌ಹಾಲಿಗೆ ಕುದ್ಮುಲ್ ರಂಗರಾವ್ ಪುರಭವನ ಅಂತ ಹೆಸರು. ಸಭೆ, ನಾಟಕ, ಸನ್ಮಾನ ಅಂತ ಒಳಗೆ ಹೋಗಿ ಕೂತು ಬಂದವರಿಗೆ ಲೆಕ್ಕವಿಲ್ಲ. ಆದ್ರೆ ಈ ರಂಗರಾಯರು ಯಾರು ಅಂತ ಕೇಳಿದ್ರೆ ಬಸ್ಸಿನ ಕಂಡಕ್ಟರೂ ತಲೆ ಕೆರೆದುಕೊಳ್ತಾನೆ, ಅಂಗಡಿ ಯಜಮಾನರೂ ತಲೆ ಕೆರೆದುಕೊಳ್ತಾರೆ. ಯಾರೋ ದೊಡ್ಡ ಸಾಹುಕಾರ ಇರ್ಬೇಕು, ಕಟ್ಟಡಕ್ಕೆ ದುಡ್ಡು ಕೊಟ್ಟಿರ್ಬೇಕು ಅನ್ನೋವ್ರೇ ಜಾಸ್ತಿ.

ಸಾಹುಕಾರರಲ್ಲ, ವಕೀಲರು. 1859ರಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು. ಸಣ್ಣ ಪ್ರಾಯದಲ್ಲೇ ತಂದೆ ತೀರಿಹೋದರು. ಮಂಗಳೂರಿಗೆ ಬಂದು ಮಾಸ್ತರಿಕೆ ಮಾಡ್ತಾ ವಕೀಲಿ ಪರೀಕ್ಷೆ ಪಾಸಾದರು. ಬಡವರ ಕೇಸಿಗೆ ನಿಲ್ಲುವ ವಕೀಲರು ಅಂತ ಹೆಸರಾಯ್ತು. ಬ್ರಹ್ಮ ಸಮಾಜಕ್ಕೆ ಸೇರಿದರು. ಇಷ್ಟಕ್ಕೇ ನಿಂತಿದ್ರೆ ಗೌರವಸ್ಥ ವಕೀಲರಾಗಿ ಬಾಳಿ ಮುಗಿಸುತ್ತಿದ್ದರು, ಟೌನ್‌ಹಾಲಿಗೆ ಬೇರೆ ಹೆಸರು ಹುಡುಕಬೇಕಾಗ್ತಿತ್ತು.

ಆ ಕಾಲಕ್ಕೆ ನಾಲ್ಕಕ್ಷರ ಕಲಿತ ಒಬ್ಬ ದಲಿತ ಹುಡುಗನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತಂತೆ. ಇವನ ಕೈಯಿಂದ ಕಾಗದ ಮುಟ್ಟೋದು ಹೇಗೆ ಅಂತ ಮೇಲ್ಜಾತಿಯವರು ಗಲಾಟೆ ಎಬ್ಬಿಸಿದರು. ಕಲಿತವನೊಬ್ಬನಿಗೇ ಈ ಗತಿಯಾದ್ರೆ ಕಲಿಯದವರ ಪಾಡೇನು? ರಂಗರಾಯರ ತಲೆಯಲ್ಲಿ ಈ ಪ್ರಶ್ನೆ ಕೂತುಬಿಟ್ಟಿತು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಜಾಗ ಹಿಡಿದು ದಲಿತ ಮಕ್ಕಳಿಗೆ ಶಾಲೆ ತೆರೆದೇಬಿಟ್ಟರು. ಊರು ಸುಮ್ಮನಿರ್ತದಾ? ವಿರೋಧ ಜೋರಾಯ್ತು, ಜಾಗ ಬಿಡಬೇಕಾಯ್ತು. ಶಾಲೆ ಕಂಕನಾಡಿಗೆ ಹೋಯ್ತು, ಅಲ್ಲಿಂದಲೂ ಏಳಬೇಕಾಯ್ತು. ಕೊನೆಗೆ ಗಟ್ಟಿಯಾಗಿ ತಳವೂರಿದ್ದು ಕೊಡಿಯಾಲಬೈಲಿನಲ್ಲಿ. ಪಾಠ ಹೇಳೋಕೆ ಮೇಲ್ಜಾತಿಯ ಮಾಸ್ತರರು ಒಬ್ಬರೂ ಒಪ್ಪಲಿಲ್ಲ. ರಾಯರು ಕ್ರೈಸ್ತ ಮಾಸ್ತರರನ್ನು ಕರೆದು ತಂದರು.

ಜಾಗ ಸಿಕ್ಕಿತು, ಮಾಸ್ತರರು ಸಿಕ್ಕರು, ಮಕ್ಕಳನ್ನು ಹಿಡಿದು ಕೂರಿಸೋದೇ ಕಷ್ಟವಾಯ್ತು. ನಾಲ್ಕು ದಿನ ಬಂದ ಹುಡುಗ ಐದನೇ ದಿನ ಗದ್ದೆಯಲ್ಲಿ. ಇವರಿಗೆ ತಲೆಗೆ ಹತ್ತಲ್ಲ ಅಂತ ನಗುವವರು ನಕ್ಕರು. ರಂಗರಾಯರು ಅಂಗಡಿಯವರ ಹಾಗೆ ಲೆಕ್ಕ ಹಾಕಿ ನೋಡಿದರು. ಹುಡುಗ ಶಾಲೆಗೆ ಬಂದ್ರೆ ಮನೆಗೆ ಅವನ ದುಡಿಮೆ ತಪ್ಪಿತು, ಅಂದಿನ ಊಟಕ್ಕೆ ಅಷ್ಟು ಕಮ್ಮಿ. ಹಾಗಾದ್ರೆ ಆ ನಷ್ಟ ತುಂಬಿಕೊಡೋಣ ಅಂತ ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡೋಕೆ ಶುರುಮಾಡಿದರು. ಮಧ್ಯಾಹ್ನದ ಊಟವನ್ನೂ ಇಟ್ಟರು. ನಮ್ಮ ಸರಕಾರದ ಅಕ್ಷರ ದಾಸೋಹ ಬಂದದ್ದು 2002ರಲ್ಲಿ, ನೋಡಿ. ಅದಕ್ಕೆ ಏನಿಲ್ಲವೆಂದರೂ ಮುಕ್ಕಾಲು ಶತಮಾನ ಮೊದಲೇ ಇಲ್ಲಿ ಎಲೆ ಹಾಕಿಯಾಗಿತ್ತು! ದುಡ್ಡೆಲ್ಲಿಂದ? ಮೊದಮೊದಲು ವಕೀಲಿಯ ಸಂಪಾದನೆಯಿಂದ, ಆಮೇಲೆ ಮನೆಮನೆ ಬಾಗಿಲು ತಟ್ಟಿ.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಹುಟ್ಟಿತು. ಅತ್ತಾವರ, ಮೂಲ್ಕಿ, ಉಡುಪಿ ಅಂತ ಶಾಲೆಗಳು ಹಬ್ಬಿದವು. ದೂರದಿಂದ ಬಂದು ಮುಂದಿನ ಓದು ಓದುವವರಿಗೆ ಹಾಸ್ಟೆಲ್ ಆಯ್ತು. ಪುಸ್ತಕ ಒಗ್ಗದವರನ್ನೂ ಮನೆಗೆ ಅಟ್ಟಲಿಲ್ಲ, ಬಡಗಿ ಕೆಲಸ, ನೇಯ್ಗೆ ಕಲಿಸಿದರು. ಚುರುಕಾಗಿದ್ದವರನ್ನು ಮಾಸ್ತರರನ್ನಾಗಿಯೇ ತಯಾರು ಮಾಡಿದರು. ಅಂಗರ ಮಾಸ್ತರ್, ಗೋವಿಂದ ಮಾಸ್ತರ್ ಅಂತ ಹೆಸರಾದದ್ದು ಹೀಗೆ. ಅಷ್ಟಕ್ಕೇ ಬಿಡದೆ ಬ್ರಿಟಿಷ್ ಸರಕಾರಕ್ಕೆ ಅರ್ಜಿ ಮೇಲೆ ಅರ್ಜಿ ಬರೆದು, ಮುನಿಸಿಪಾಲಿಟಿ ಮತ್ತು ಜಿಲ್ಲಾ ಬೋರ್ಡಿನಲ್ಲಿ ದಲಿತರಿಗೆ ಕುರ್ಚಿ ಕೊಡಿಸಿದರು. ಈ ಮಾಸ್ತರರು ಹೋಗಿ ಅಲ್ಲಿ ಕೂತರು.

ಇದಕ್ಕೆಲ್ಲ ಮನೆಯವರು ತೆತ್ತ ಬೆಲೆ ಸಣ್ಣದಲ್ಲ. ಜಾತಿಯವರು ಹೊರಗೆ ಹಾಕಿದರು. ಕ್ಷೌರದವನು ಬರಲಿಲ್ಲ, ಅಗಸನೂ ಬರಲಿಲ್ಲ. ಹೆಂಡತಿ ರುಕ್ಮಿಣಿಯಮ್ಮ ಇದನ್ನೆಲ್ಲ ಹೇಗೆ ನುಂಗಿಕೊಂಡರೋ. ಮಗಳು ರಾಧಾಬಾಯಿಯನ್ನು ಓದಿಸಿ, ಜಾತಿ ನೋಡದೆ ಪಿ. ಸುಬ್ಬರಾಯನ್‌ಗೆ ಕೊಟ್ಟರು. ಆ ಅಳಿಯ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಮಂತ್ರಿಯಾದರು. ಮಗಳು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. 1966ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾದ ಜನರಲ್ ಕುಮಾರಮಂಗಲಂ ಇವರ ಮೊಮ್ಮಗ. ಆದ್ರೆ ರಾಯರ ಆಸೆ ಬೇರೆಯೇ ಇತ್ತು. ತನ್ನ ಶಾಲೆಯಲ್ಲಿ ಕಲಿತ ಹುಡುಗ ಮುಂದೆ ದೊಡ್ಡವನಾಗಿ ಇದೇ ರಸ್ತೆಯಲ್ಲಿ ಮೋಟಾರಿನಲ್ಲಿ ಹೋಗಬೇಕು, ಆ ಮೋಟಾರಿನ ಧೂಳು ತನ್ನ ತಲೆಗೆ ತಾಗಬೇಕು, ಅಷ್ಟಾದ್ರೆ ಸಾಕು ಅಂತಿದ್ದರು. ಆ ಮಾತನ್ನು ಅವರ ಸಮಾಧಿಯ ಮೇಲೂ ಬರೆಸಿದ್ದಾರೆ.

ಕೊನೆಗಾಲಕ್ಕೆ ಸನ್ಯಾಸ ತೆಗೆದುಕೊಂಡು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಹೆಣವನ್ನು ತೋಟಿಗಳೇ ಹೊರಬೇಕು ಅಂತ ಮೊದಲೇ ಹೇಳಿಟ್ಟಿದ್ದರು.

1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದರು. ಈ ಕೆಲಸದಲ್ಲಿ ರಂಗರಾಯರೇ ತಮಗೆ ಗುರು ಅಂತ ಗಾಂಧೀಜಿ ಒಪ್ಪಿಕೊಂಡರು ಅನ್ನೋದನ್ನು ಊರಿನ ಹಿರಿಯರು ಈಗಲೂ ಹೇಳ್ತಾರೆ. ಕೇಳೋಕೆ ರಾಯರು ಇರಲಿಲ್ಲ, ಅವರು ಹೋಗಿ ಆಗಲೇ ಆರು ವರ್ಷವಾಗಿತ್ತು.